ಕೊಡದ ಮದ್ದು

ಗಂಡನ ಅಕ್ಕನ ಬಾಯಿಗೆ ಹೆದರಿ ಸುಳ್ಳು ಹೇಳದ ಹೆಂಗಸು ಕುಮಾಸಿ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಸಾರಿಗೆ ಒಣಮೀನು ಹಾಕಿದೆಯಾ ಅಂದರೆ ಹಾಕಿದೆ, ಭಾನುವಾರ ಚರ್ಚಿಗೆ ಹೋದಿರಾ ಅಂದರೆ ಹೋಗಿದ್ದೆವು, ನಾನು ಕೊಟ್ಟ ಬಟ್ಟೆ ಹೊಲಿಸಿದೆಯಾ ಅಂದರೆ ದರ್ಜಿಯ ಹತ್ತಿರ ಇದೆ. ಇಂಥ ಸುಳ್ಳಿನಿಂದ ಯಾರ ಮನೆಯೂ ಮುಳುಗುವುದಿಲ್ಲ, ಎಷ್ಟೋ ಮನೆಗಳು ನಿಂತಿರುವುದೇ ಇದರ ಮೇಲೆ ಎಂದು ದುಫಿಯೆ ನಂಬಿದ್ದಳು. ನಂಬದೆ ಏನು ಮಾಡಿಯಾಳು, ಅವಳಿಗೆ ಸಿಕ್ಕಿದ ಗಂಡನ ಅಕ್ಕ ತಾಚಿವಾ.

ತಾಚಿವಾ ಮಾರುಕಟ್ಟೆಯಲ್ಲಿ ಗೆಣಸಿನ ಸಗಟು ವ್ಯಾಪಾರ ಮಾಡುವವಳು. ಲಾರಿ ಚಾಲಕರು, ಹಮಾಲರು, ಪೊಲೀಸರು ಎಲ್ಲರೂ ಅವಳ ದನಿ ಕೇಳಿದರೆ ಪಕ್ಕಕ್ಕೆ ಸರಿಯುತ್ತಿದ್ದರು. ತಾಯಿ ಸತ್ತಾಗ ತಮ್ಮ ಬ್ರೆಫೊ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡು, ಗೆಣಸು ಹೊತ್ತು, ಸಾಕಿ ಬೆಳೆಸಿದವಳು ಅವಳೇ. ಈಗ ಅವನಿಗೆ ಐವತ್ತು ಹತ್ತಿರ, ದೂರದ ತಮಾಲೆ ಊರಿಗೆ ಬಸ್ಸು ಓಡಿಸುತ್ತಾನೆ, ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತದೆ. ಆದರೂ ತಾಚಿವಾಳ ಮನಸ್ಸಿನಲ್ಲಿ ಅವನಿನ್ನೂ ಬೆನ್ನಿನಿಂದ ಇಳಿದಿಲ್ಲ.

ಅವನು ಆ ಪರೀಕ್ಷೆಗೆ ಹೋಗಿದ್ದೂ ಅವಳ ಹಠದಿಂದಲೇ. ಅವರ ಸೋದರಮಾವ ಕರುಳಿನ ಹುಣ್ಣು ಕ್ಯಾನ್ಸರ್ ಆಗಿ ಸತ್ತಿದ್ದ. ಅಲ್ಲಿ ಮನೆತನವೂ ಆಸ್ತಿಯೂ ತಾಯಿಯ ಕಡೆಯಿಂದಲೇ ಹರಿಯುವುದರಿಂದ ಮಾವನ ರೋಗವೂ ಅಳಿಯನಿಗೇ ಬರುತ್ತದೆಂದು ತಾಚಿವಾ ಲೆಕ್ಕ ಹಾಕಿದ್ದಳು. ಬ್ರೆಫೊಗೆ ಎರಡು ಸಲ ಮಲದ ಜೊತೆ ರಕ್ತ ಬಿದ್ದಿತ್ತು. ದುಫಿಯೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಬಹುದಿತ್ತು. ಆದರೆ ಅವಳಿಗೂ ಭಯವಾಗಿ ತಾಚಿವಾಳ ಕಿವಿಗೆ ಹಾಕಿದಳು. ಆಮೇಲೆ ಕೇಳಬೇಕೆ, ಮೂರೇ ದಿನದಲ್ಲಿ ತಾಚಿವಾ ಊರ ಹೊರಗಿನ ಒಂದು ಖಾಸಗಿ ಆಸ್ಪತ್ರೆ ಹುಡುಕಿ, ಕ್ಯಾಮೆರಾ ಇರುವ ಕೊಳವೆಯನ್ನು ಹಿಂದಿನಿಂದ ಬಿಟ್ಟು ಕರುಳು ನೋಡುವ ಪರೀಕ್ಷೆಗೆ ತಮ್ಮನನ್ನು ದಬ್ಬಿಕೊಂಡು ಹೋದಳು.

ಪರೀಕ್ಷೆ ಚೆನ್ನಾಗಿಯೇ ಮುಗಿಯಿತು. ಡಾಕ್ಟರ್ ಅಡೊಮಾಕೊ ಚಿಕ್ಕ ವಯಸ್ಸಿನವನು, ಇಸ್ತ್ರಿ ಮಾಡಿದ ಅಂಗಿ, ನಗುಮುಖ. "ಏನೂ ಇಲ್ಲ. ಸಣ್ಣ ಮೂಲವ್ಯಾಧಿ, ಅಷ್ಟೇ. ಅನುಮಾನ ಬೇಡ ಅಂತ ಕರುಳಿಂದ ಒಂದು ಚೂರು ಚಿವುಟಿ ಪರೀಕ್ಷೆಗೆ ತೆಗೆದಿದೀನಿ" ಎಂದ. ತಾಚಿವಾ ಆಸ್ಪತ್ರೆಯ ವರಾಂಡದಲ್ಲೇ ಎರಡೂ ಕೈ ಮೇಲೆತ್ತಿ ದೇವರ ಸ್ತುತಿ ಮಾಡಿ ಒಂದು ಸುತ್ತು ಕುಣಿದುಬಿಟ್ಟಳು. ಹೊರಡುವಾಗ ನರ್ಸ್ ದುಫಿಯೆಯನ್ನು ಪಕ್ಕಕ್ಕೆ ಕರೆದು ಹೇಳಿದಳು:

"ಹೊಟ್ಟೆ ಉಬ್ಬರ ಇರುತ್ತೆ, ಒಳಗೆ ಗಾಳಿ ಬಿಟ್ಟಿರ್ತಾರಲ್ಲ. ತಾನಾಗೇ ಹೋಗುತ್ತೆ. ಆದ್ರೆ ನೋಡಮ್ಮ, ಬೆಂತೊವಾ ಗಿಂತೊವಾ ಅಂತ ಏನೂ ಏರಿಸ್ಬೇಡಿ. ಒಂದು ವಾರ ಅದನ್ನ ಮುಟ್ಟಲೇಬೇಡಿ. ಗೊತ್ತಾಯ್ತಾ?"

"ಗೊತ್ತಾಯ್ತು."

"ಎಲ್ಲರೂ ಗೊತ್ತಾಯ್ತು ಅಂತಾರೆ" ಎಂದು ನರ್ಸ್ ಮುಖ ತಿರುಗಿಸಿದಳು.

ಬೆಂತೊವಾ ಅಂದರೆ ಕೊಕ್ಕಿರುವ ಒಂದು ರಬ್ಬರ್ ಬುಡ್ಡೆ. ಅದು ನೇತಾಡದ ಬಚ್ಚಲುಮನೆ ಆ ಊರಿನಲ್ಲಿಲ್ಲ. ಶುಂಠಿ, ಕಾಡುಮೆಣಸು, ಯಾವುದೋ ತೊಗಟೆ ಅರೆದು, ಬಿಸಿನೀರಿಗೆ ಕಲಸಿ, ಬುಡ್ಡೆಗೆ ತುಂಬಿ ಹಿಂದಿನಿಂದ ಏರಿಸಿದರೆ ಜ್ವರ, ಸೊಂಟನೋವು, ಮಕ್ಕಳ ಹಟ, ಗಂಡಸರ ಸೋಮಾರಿತನ ಎಲ್ಲಕ್ಕೂ ಅದೇ ಮದ್ದು. ಅದನ್ನು ಕೊಡದ ತಾಯಿ ತಾಯಿಯಲ್ಲ, ಹೆಂಡತಿ ಹೆಂಡತಿಯಲ್ಲ. ಆಸ್ಪತ್ರೆಯವರು ಕೇಳಿದಾಗ ಮಾತ್ರ ಎಲ್ಲರದೂ ಒಂದೇ ಉತ್ತರ, ಅಯ್ಯೋ, ನಮ್ಮ ಮನೇಲಿ ಅದೆಲ್ಲ ಇಲ್ಲಪ್ಪ.

ಮಾರನೆಯ ಬೆಳಿಗ್ಗೆ ದುಫಿಯೆ ಬಸ್‌ ನಿಲ್ದಾಣದಲ್ಲಿ ಸಜ್ಜೆ ಗಂಜಿ, ಅಲಸಂದೆ ವಡೆ ಮಾರಿ ಮನೆಗೆ ಬರುವ ಹೊತ್ತಿಗೆ ತಾಚಿವಾ ಬಂದು ಕೂತಿದ್ದಳು. ಮುಂದೆ ಮಣ್ಣಿನ ಅರೆಯುವ ಬಟ್ಟಲು, ಅದರಲ್ಲಿ ಮೂಗಿಗೆ ಘಾಟು ಹೊಡೆಯುವ ಮುದ್ದೆ.

"ಇವನ ಹೊಟ್ಟೆ ನೋಡಿದ್ಯಾ? ನಗಾರಿ ಥರ ಆಗಿದೆ. ಆ ಡಾಕ್ಟ್ರು ಊದಿದ ಗಾಳಿ ಎಲ್ಲಾ ಒಳಗೇ ಕೂತಿದೆ. ನಾನೇ ಅರೆದಿದೀನಿ. ಬಿಸಿನೀರು ಕಾಯ್ಸಿ ಈಗ್ಲೇ ಕೊಡು."

"ಅಕ್ಕ, ಆ ನರ್ಸು ಬೇಡ ಅಂದಿದಾಳೆ."

"ನರ್ಸಾ? ಅವಳ ಮನೇಲಿ ಹೋಗಿ ನೋಡು, ಎರಡು ನೇತಾಡ್ತಿರುತ್ತೆ. ನಾನು ಇವನಿಗೆ ಹಲ್ಲು ಬರೋ ಮುಂಚೆಯಿಂದ ಕೊಟ್ಟಿದೀನಿ, ಸತ್ತನಾ?"

"ಕೊಡ್ತಾಳೆ ಬಿಡಕ್ಕ" ಎಂದು ಬ್ರೆಫೊ ಒಳಗಿನಿಂದ ಕೂಗಿದ. "ನೀನು ಮಾರ್ಕೆಟ್ಟಿಗೆ ಹೋಗು, ನಿನ್ನ ಗೆಣಸು ಕೊಳೀತದೆ."

ತಾಚಿವಾ ಹೋದಳು, ಹೋಗುವ ಮುಂಚೆ ಬೆರಳೆತ್ತಿ ಹೆದರಿಸಿಯೇ ಹೋದಳು. ದುಫಿಯೆ ಬಟ್ಟಲು ಹಿಡಿದುಕೊಂಡು ಗಂಡನ ಮುಂದೆ ನಿಂತಳು.

"ಏನ್ಮಾಡ್ಲಿ?"

"ಏನ್ಮಾಡ್ತೀಯ, ಚೆಲ್ಲು. ನೆನ್ನೆ ತಾನೇ ಆ ದಾರೀಲಿ ಒಂದು ಕ್ಯಾಮೆರಾ, ಲೈಟು, ಕತ್ತರಿ ಎಲ್ಲಾ ಮೆರವಣಿಗೆ ಹೋಗಿದೆ. ಇವತ್ತು ಮೆಣಸು ಬೇರೆ ಕಳಿಸ್ತೀಯಾ? ರೋಡು ಸ್ವಲ್ಪ ರೆಸ್ಟ್ ತಗೊಳ್ಲಿ ಮಾರಾಯ್ತಿ."

"ಅಕ್ಕ ಕೇಳಿದ್ರೆ?"

"ಕೊಟ್ಟೆ ಅನ್ನು. ನಾನೂ ಕೊಟ್ಟಳು ಅಂತೀನಿ. ನಾವಿಬ್ರೂ ಒಂದೇ ಮಾತು ಹೇಳಿದ್ರೆ ಅವಳು ಬಂದು ನನ್ನ ಹಿಂದೆ ಇಣುಕಿ ನೋಡ್ತಾಳಾ?"

ದುಫಿಯೆ ನಕ್ಕು ಬಚ್ಚಲ ಹಿಂದಿನ ಬಾಳೆಯ ಬುಡಕ್ಕೆ ಅಷ್ಟನ್ನೂ ಸುರಿದು ಬಟ್ಟಲು ತೊಳೆದಿಟ್ಟಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ. ಮಧ್ಯಾಹ್ನ ತಾಚಿವಾಳ ಫೋನು ಬಂತು. "ಕೊಟ್ಯಾ?" "ಕೊಟ್ಟೆ ಅಕ್ಕ." "ಪೂರ್ತಿ?" "ಪೂರ್ತಿ." ಬ್ರೆಫೊ ಫೋನು ಕಿತ್ತುಕೊಂಡು, "ಅಕ್ಕ, ಟೈರಿನ ಗಾಳಿ ಇಳಿದ ಹಾಗೆ ಇಳೀತು ನೋಡು. ಪಕ್ಕದ ಮನೆಯೋರು ಹೆದರಿ ಓಡಿಹೋದ್ರು" ಎಂದ. ಆ ಕಡೆಯಿಂದ ತಾಚಿವಾ ನಗುವುದು ದುಫಿಯೆಗೂ ಕೇಳಿಸಿತು. ಅವರ ಮದುವೆಯ ಇಷ್ಟು ವರ್ಷದಲ್ಲಿ ಗಂಡ ಹೆಂಡತಿ ಹೀಗೆ ಕೂಡಿ ಆಡಿದ ಆಟಗಳು ಎಷ್ಟೋ. ಅವಳಿಗೆ ಅವನ ಮೇಲಿದ್ದ ಪ್ರೀತಿಯಲ್ಲಿ ಅರ್ಧ ಇದಕ್ಕೇ.

ಹೊಟ್ಟೆಯ ಉಬ್ಬರ ನಿಜವಾಗಿಯೂ ಇಳಿಯಿತು. ಆದರೆ ಎರಡು ದಿನ ಬಿಟ್ಟು, ಶನಿವಾರ ಬೆಳಿಗ್ಗೆ ಬ್ರೆಫೊ ಎಡಗಡೆಯ ಸೊಂಟ ಹಿಡಿದುಕೊಂಡು ಎದ್ದ. ಬಸ್ಸಿನ ಸೀಟಿನ ನೋವು ಎಂದುಕೊಂಡ. ಊಟದ ಹೊತ್ತಿಗೆ ನೋವು ಪಿರ್ರೆಗೆ, ತೊಡೆಗೆ ಇಳಿಯಿತು. ಮೈ ಕೆಂಡದಂತೆ ಕಾಯುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ನೋವು ತಡೆಯುವ ಗಂಡಸು ಅವನು. ಒಮ್ಮೆ ಬಾನೆಟ್ಟು ಬೆರಳ ಮೇಲೆ ಬಿದ್ದಾಗಲೂ ಹಾಡು ಹೇಳಿಕೊಂಡಿದ್ದವನು. ಈಗ ಚಾಪೆಯ ಅಂಚು ಕಚ್ಚುತ್ತಿದ್ದ. ತೊಡೆ ನೋಡಿದರೆ ಗಾಯವಿಲ್ಲ, ಕೆಂಪಿಲ್ಲ, ಸ್ವಲ್ಪ ಊದಿದೆ ಅಷ್ಟೇ. ಇಷ್ಟೇ ಊತಕ್ಕೆ ಅಷ್ಟು ನೋವು ಯಾಕೆ ಎಂದು ದುಫಿಯೆಗೆ ಅರ್ಥವಾಗಲಿಲ್ಲ. ಎಣ್ಣೆ ತಿಕ್ಕೋಣವೆಂದು ಕೈಯಿಟ್ಟು ಒತ್ತಿದಳು. ಚರ್ಮದ ಅಡಿಯಲ್ಲಿ ಏನೋ ಚರಚರ ಅಂದಿತು, ಒಣಗಿದ ಬಾಳೆಲೆಯ ಮೇಲೆ ಕೈಯೂರಿದ ಹಾಗೆ. ಅವಳು ಬೆಚ್ಚಿ ಕೈ ತೆಗೆದಳು. ಮಾಂಸ ಹಾಗೆ ಸದ್ದು ಮಾಡುವುದಿಲ್ಲ. ಇಷ್ಟು ವರ್ಷ ಮೀನು, ಕೋಳಿ, ಆಡು ಕೊಯ್ದ ಕೈಗೆ ಅಷ್ಟು ಗೊತ್ತಿತ್ತು.

ಪಕ್ಕದ ಮನೆಯ ಟ್ಯಾಕ್ಸಿಯಲ್ಲಿ ಹಾಕಿಕೊಂಡು ಅದೇ ಖಾಸಗಿ ಆಸ್ಪತ್ರೆಗೆ ಹೋದರು. ಡಾಕ್ಟರ್ ಅಡೊಮಾಕೊ ಜ್ವರ ನೋಡಿದ, ಹೊಟ್ಟೆ ಒತ್ತಿದ. ಹೊಟ್ಟೆ ಮೆತ್ತಗೇ ಇತ್ತು. ಅವನು ಕೈ ತೊಳೆದು ಬಂದು ದುಫಿಯೆಯನ್ನು ನೇರವಾಗಿ ನೋಡಿದ.

"ಬೆಂತೊವಾ ಕೊಟ್ಟಿರಾ?"

"ಇಲ್ಲ ಡಾಕ್ಟ್ರೇ."

ಹಿಂದೆ ನಿಂತಿದ್ದ ನರ್ಸ್ ಮುಸಿನಕ್ಕಳು.

ಈ ಅಡೊಮಾಕೊನನ್ನು ಕೆಟ್ಟವನೆಂದು ಬೈದು ಮುಗಿಸಿಬಿಡುವುದು ಸುಲಭ. ಅವನು ಕೆಟ್ಟವನಲ್ಲ. ಹಿಂದಿನ ತಿಂಗಳಷ್ಟೇ ಮೆಣಸಿನ ನೀರು ಏರಿಸಿ ಕರುಳು ಬೆಂದುಹೋದ ಒಂದು ಕೂಸು ಅವನ ಕೈಯಲ್ಲೇ ಸತ್ತಿತ್ತು. ಅದರ ಅಜ್ಜಿ, ಕೂಸು ಉಸಿರು ಬಿಡುವವರೆಗೂ, ಏನೂ ಕೊಟ್ಟಿಲ್ಲ ಎಂದೇ ಆಣೆ ಹಾಕಿದ್ದಳು. ಸುಳ್ಳು ಕೇಳಿ ಕೇಳಿ ಅವನ ಕಿವಿಗೆ ಜಡ್ಡು ಕಟ್ಟಿತ್ತು. ಇಲ್ಲ ಎಂದರೆ ಹೌದು ಎಂದು ತಿಳಿಯುವುದನ್ನು ಆ ಊರಿನ ಹೆಂಗಸರೇ ಅವನಿಗೆ ಕಲಿಸಿದ್ದರು.

ಅಷ್ಟರಲ್ಲಿ ತಾಚಿವಾ ನುಗ್ಗಿ ಬಂದಳು, ಸೆರಗಿಗೆ ಇನ್ನೂ ಗೆಣಸಿನ ಮಣ್ಣು ಮೆತ್ತಿತ್ತು. "ಏನಾಯ್ತು ನನ್ನ ಕೂಸಿಗೆ?"

"ಇವರು ಬೆಂತೊವಾ ಕೊಟ್ಟಿಲ್ಲ ಅಂತಿದಾರೆ" ಎಂದ ಡಾಕ್ಟರ್.

"ಕೊಟ್ಟಿಲ್ವಾ? ನಾನೇ ಅರೆದು ಕೊಟ್ಟೆ, ಇವಳೇ ಏರಿಸಿದ್ಲು. ಫೋನಲ್ಲಿ ಪೂರ್ತಿ ಅಂತ ಹೇಳಿದ್ಲು. ಸುಳ್ಳು ಯಾಕೆ ಹೇಳ್ತೀಯೇ? ಡಾಕ್ಟ್ರ ಹತ್ರ ಸುಳ್ಳು ಹೇಳಿದ್ರೆ ಮದ್ದು ಹೇಗೆ ನಾಟುತ್ತೆ?"

ದುಫಿಯೆಗೆ ನಾಚಿಕೆಯಾಯಿತು, ಆದರೆ ನಾಚಿಕೆಪಡುವ ಹೊತ್ತು ಅದಲ್ಲವೆಂದು ಅವಳಿಗೆ ತಕ್ಷಣ ತಿಳಿಯಿತು.

"ಅಕ್ಕ, ನಾನು ಕೊಡ್ಲಿಲ್ಲ. ನಿಮಗೆ ಕೊಟ್ಟೆ ಅಂತ ಸುಮ್ನೆ ಹೇಳಿದ್ದು. ಚೆಲ್ಲಿಬಿಟ್ಟೆ. ಬಾಳೆಗಿಡದ ಬುಡಕ್ಕೆ ಚೆಲ್ಲಿದೆ. ದೇವರಾಣೆಗೂ, ಡಾಕ್ಟ್ರೇ, ಇವರ ಒಳಗೆ ಏನೂ ಹೋಗಿಲ್ಲ. ನೀವು ಬಿಟ್ಟ ಕೊಳವೆ ಬಿಟ್ರೆ ಇನ್ನೇನೂ ಹೋಗಿಲ್ಲ."

ಆ ಕೊನೆಯ ಮಾತು ಆಡಬಾರದಿತ್ತು. ಅಡೊಮಾಕೊನ ಮುಖ ಬಿಗಿಯಿತು. ಅವನಿಗೂ ಒಳಗೊಳಗೆ ಅದೇ ಭಯವಿತ್ತೋ ಏನೋ, ಯಾರಿಗೆ ಗೊತ್ತು; ಇದ್ದರೆ ಅದನ್ನು ತಳ್ಳಿಹಾಕಲು ಒಂದು ನೆಪ ಕೈಗೆ ಸಿಕ್ಕಿತ್ತು. ಅವನು ರೋಗಿಯ ಕಡೆ ಬಾಗಿದ.

"ಬ್ರೆಫೊ ಅವರೇ, ನೀವೇ ಹೇಳಿ. ನಿಮ್ಮ ಹೆಂಡತಿ ಬೆಂತೊವಾ ಕೊಟ್ರಾ ಇಲ್ವಾ?"

ಬ್ರೆಫೊ ಕಣ್ಣು ತೆರೆದ. ಜ್ವರದ ಮಬ್ಬಿನಲ್ಲಿ ಅವನಿಗೆ ಮೊದಲು ಕಂಡದ್ದು ಹಾಸಿಗೆಯ ಕಾಲ ಬಳಿ ಸೊಂಟದ ಮೇಲೆ ಕೈಯಿಟ್ಟು ನಿಂತ ಅಕ್ಕ. ಪಕ್ಕದಲ್ಲಿ ಅಳುತ್ತ ನಿಂತ ಹೆಂಡತಿ. ಅವನಿಗೆ ಅನಿಸಿದ್ದು ಒಂದೇ, ಗುಟ್ಟು ಬಯಲಾಗುತ್ತಿದೆ, ಅಕ್ಕ ಇವಳನ್ನು ಹರಿದು ತಿನ್ನುತ್ತಾಳೆ.

"ಕೊಟ್ಟಳು ಅಕ್ಕ" ಎಂದ. "ಕೊಟ್ಟಳು. ಪೂರ್ತಿ ಕೊಟ್ಟಳು. ಬೈಬೇಡ ಅವಳನ್ನ."

"ನಿಜ ಹೇಳೋ!" ದುಫಿಯೆ ಅವನ ಭುಜ ಹಿಡಿದು ಅಲ್ಲಾಡಿಸಿದಳು. "ಅಕ್ಕಂಗೆ ಹೆದರ್ಬೇಡ್ವೋ, ಇವರು ಡಾಕ್ಟ್ರು. ನಾನು ಚೆಲ್ಲಿದ್ನಲ್ಲ, ನೀನೇ ಚೆಲ್ಲು ಅಂದ್ಯಲ್ಲ. ಹೇಳೋ!"

ಅವನು ಅವಳ ಕೈ ಹುಡುಕಿ ಹಿಡಿದು ಮೆಲ್ಲಗೆ ಅದುಮಿದ. "ನೀ ಸುಮ್ನಿರು, ನಾನು ನೋಡ್ಕೋತೀನಿ" ಎಂದು ಪಿಸುಗುಟ್ಟಿದ. ಆಮೇಲೆ ದನಿ ಏರಿಸಿ, ಕಷ್ಟಪಟ್ಟು, ಕೋಣೆಗೆಲ್ಲ ಕೇಳುವಂತೆ ಮತ್ತೊಮ್ಮೆ ಹೇಳಿದ: "ಕೊಟ್ಟಳು."

ಅಲ್ಲಿಗೆ ಮುಗಿಯಿತು. ಅಕ್ಕ ಹೇಳಿದಳು, ರೋಗಿಯೇ ಹೇಳಿದ, ಇನ್ನು ಹೆಂಡತಿಯ ಮಾತು ಯಾರಿಗೆ ಬೇಕು? ಮೆಣಸಿನ ನೀರಿನಿಂದ ಕರುಳು ಒಳಗೆ ಸುಟ್ಟಿದೆ, ನೋವು ಸೊಂಟಕ್ಕೆ ಇಳಿದಿದೆ ಎಂದು ಡಾಕ್ಟರ್ ತೀರ್ಮಾನಿಸಿದ. ಗ್ಲೂಕೋಸ್ ಏರಿಸಿದರು, ನೋವಿನ ಇಂಜೆಕ್ಷನ್ ಕೊಟ್ಟರು, ಜ್ವರಕ್ಕೆ ಏನೋ ಒಂದು ಮಾಮೂಲಿ ಔಷಧಿ ಕೊಟ್ಟರು. ಇಂಥದಕ್ಕೆ ಕಾಯುವುದೇ ಮದ್ದು, ಕರುಳು ತಾನಾಗೇ ಮಾಗುತ್ತದೆ ಎಂದ.

"ಡಾಕ್ಟ್ರೇ, ತೊಡೆ ಒಂದ್ಸಲ ಒತ್ತಿ ನೋಡಿ. ಚರ್ಮದ ಕೆಳಗೆ ಸದ್ದಾಗುತ್ತೆ."

"ನೀವು ಇನ್ನು ಹೊರಗಿರಿ."

"ಒಂದೇ ಒಂದ್ಸಲ ಒತ್ತಿ. ಕಾಲಿಗೆ ಬೀಳ್ತೀನಿ."

ಅವನು ಹೊದಿಕೆಯ ಮೇಲಿನಿಂದಲೇ ತೊಡೆ ತಟ್ಟಿದ. ಊತ ಇದೆ, ಇಳಿಯುತ್ತೆ ಎಂದ. ದುಫಿಯೆ ಹೊದಿಕೆ ಎಳೆಯಲು ಹೋದಳು. ತಾಚಿವಾ ಅವಳ ರಟ್ಟೆ ಹಿಡಿದು ಹಿಂದಕ್ಕೆ ದೂಡಿದಳು. "ಮಾಡೋದೆಲ್ಲ ಮಾಡಿ ಈಗ ಡಾಕ್ಟ್ರಿಗೆ ಪಾಠ ಹೇಳ್ತೀಯಾ? ಬಿಸಿ ನೋಡಿದ್ಯಾ ಏರಿಸೋ ಮುಂಚೆ? ಕುದಿಯೋ ನೀರು ಹಾಕಿರ್ತೀಯ. ಗಂಜಿ ಕಾಯ್ಸೋ ಕೈ ಅಲ್ವಾ!"

"ಅಕ್ಕ, ನಾನು ಕೊಡಲೇ ಇಲ್ಲ. ನನ್ನ ಮಾತು ಕೇಳಿ. ಇವರನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗೋಣ. ಈಗ್ಲೇ. ಆಮೇಲೆ ನನ್ನ ಏನು ಬೇಕಾದ್ರೂ ಮಾಡಿ."

"ಇವಳ ತಪ್ಪು ಮುಚ್ಚೋಕೆ ಇವನನ್ನ ಊರೆಲ್ಲ ಸುತ್ತಿಸಬೇಕಂತೆ."

ಗಂಡನ ಮೈಮೇಲಿನ ಅಧಿಕಾರ ಅಲ್ಲಿ ಹೆಂಡತಿಗಿಲ್ಲ, ತಾಯಿಯ ಕಡೆಯ ರಕ್ತಕ್ಕಿದೆ. ತಾಚಿವಾ ಬೇಡ ಎಂದರೆ ಬೇಡ. ಆದರೂ ದುಫಿಯೆ ಹೋಗಿ ಟ್ಯಾಕ್ಸಿ ತಂದಳು. ವಾಚ್‌ಮನ್ ಅದನ್ನು ಗೇಟಿನಲ್ಲೇ ತಡೆದ. ಅವಳು ಬಾಯಿ ಬಡಿದುಕೊಂಡು ಅತ್ತಳು. ಕಲ್ಲಿನ ಮೇಲೆ ಮಳೆ ಸುರಿದ ಹಾಗಾಯಿತು. ಹೊರಗೆ ಕೂತ ಬೇರೆ ರೋಗಿಗಳ ಕಡೆಯವರು ಅವಳನ್ನು ನೋಡಿ ತಲೆಯಾಡಿಸಿದರು. ಗಂಡನಿಗೆ ಮೆಣಸಿನ ನೀರು ಏರಿಸಿ ಸುಳ್ಳು ಹೇಳಿದವಳಂತೆ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ಅವಳ ಕಿವಿಗೇ ಬಿತ್ತು. ಬೈದರೆ ಬೈಯಲಿ, ಊರೇ ಬೈಯಲಿ ಅನಿಸಿತು ಅವಳಿಗೆ. ಯಾರಾದರೂ ಒಬ್ಬರು ಒಳಗೆ ಹೋಗಿ ಆ ತೊಡೆಯ ಮೇಲೆ ಕೈಯಿಟ್ಟು ಒತ್ತಿದ್ದರೆ ಸಾಕಿತ್ತು.

ಯಾರೂ ಒತ್ತಲಿಲ್ಲ. ಭಾನುವಾರ ಬೆಳಗಾದಾಗ ತೊಡೆ ಕಂಚಿನ ಪಾತ್ರೆಯ ಬಣ್ಣಕ್ಕೆ ತಿರುಗಿತ್ತು. ನೇರಳೆ ನೀರು ತುಂಬಿದ ಬೊಕ್ಕೆಗಳು ಎದ್ದಿದ್ದವು. ಕೋಣೆಯೆಲ್ಲ ಸಿಹಿಯಾದ, ಹೊಟ್ಟೆ ತೊಳಸುವ ನಾತ. ಅಡೊಮಾಕೊ ಹೊದಿಕೆ ಸರಿಸಿದವನು ಅಲ್ಲೇ ನಿಂತುಬಿಟ್ಟ. ಈಗ ಒತ್ತಿ ನೋಡಿದ. ಆ ಸದ್ದು ಬಾಗಿಲಲ್ಲಿ ನಿಂತ ತಾಚಿವಾಳಿಗೂ ಕೇಳಿಸಿತು. ಅವನು ಓಡಿಹೋಗಿ ಆಂಬುಲೆನ್ಸಿಗೆ ಹೇಳಿದ. ಅವನ ಇಸ್ತ್ರಿ ಮಾಡಿದ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸೆಯ ಡಾಕ್ಟರು ಬೊವಾದು ಎಂಬ ನಡುವಯಸ್ಸಿನ ಹೆಂಗಸು. ಆಕೆ ಪ್ರಶ್ನೆ ಕೇಳುತ್ತ ಕೂರಲಿಲ್ಲ. ತೊಡೆಯ ಮೇಲೆ ಎರಡು ಬೆರಳಿಟ್ಟಳು, ಮುಖ ಗಂಟಿಕ್ಕಿದಳು, ನೇರ ಆಪರೇಷನ್ ಕೋಣೆಗೆ ಒಯ್ಯಿರಿ ಎಂದಳು. ಒಳಗೆ ಬಹಳ ಹೊತ್ತಾಯಿತು. ದುಫಿಯೆ ಒಂದು ಬೆಂಚಿನಲ್ಲಿ, ತಾಚಿವಾ ಇನ್ನೊಂದರಲ್ಲಿ. ತಾಚಿವಾ ತನ್ನ ಕುಲದ ಹಿರಿಯರಿಗೆ ಫೋನು ಮಾಡಿ, ಇವಳ ಕೈಯಿಂದಲೇ ಹೀಗಾಯ್ತು, ಅವನೇ ತನ್ನ ಬಾಯಿಂದ ಹೇಳಿದಾನೆ ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದಳು. ದುಫಿಯೆಗೆ ಅದು ನೊಣ ಗುಂಯ್ಗುಟ್ಟಿದಷ್ಟೇ ಆಗಿತ್ತು. ದೇವರೇ, ಮನೆಯಿಂದ ಹೊರಗೆ ಹಾಕಲಿ, ಅವನನ್ನು ಮಾತ್ರ ಉಳಿಸು ಎಂದು ಬೇಡುತ್ತ ಕೂತಿದ್ದಳು.

ಡಾಕ್ಟರ್ ಬೊವಾದು ಹೊರಗೆ ಬಂದಾಗ ಆಕೆಯ ಕಣ್ಣಿನಲ್ಲಿ ನಿದ್ದೆಯಿರಲಿಲ್ಲ, ಸುಳ್ಳು ಸಮಾಧಾನವೂ ಇರಲಿಲ್ಲ.

"ಕೊಳೆತ ಮಾಂಸ ಎಷ್ಟು ಸಾಧ್ಯವೋ ಅಷ್ಟು ಕೊಯ್ದು ತೆಗೆದಿದೀವಿ. ಸೊಂಟದವರೆಗೆ ಏರಿಬಿಟ್ಟಿದೆ, ರಕ್ತಕ್ಕೂ ಸೇರಿದೆ. ಎಚ್ಚರ ಬಂದಿದೆ, ಹೋಗಿ ಮಾತಾಡಿ. ತಡ ಮಾಡ್ಬೇಡಿ."

"ಎಲ್ಲಾ ಆ ಮೆಣಸಿನ ನೀರಿಂದ್ಲೇ ಅಲ್ವಾ ಡಾಕ್ಟ್ರೇ? ಹೇಳಿ ಇವಳಿಗೆ" ಎಂದಳು ತಾಚಿವಾ.

"ಯಾವ ಮೆಣಸಿನ ನೀರು?"

"ಬೆಂತೊವಾ. ಪರೀಕ್ಷೆ ಆದ ಮಾರನೇ ದಿನ ಇವಳು ಕೊಟ್ಟಿದ್ದು."

"ಯಾರು ಹೇಳಿದ್ದು? ಕರುಳನ್ನ ನಾನೇ ನೋಡಿದೆ. ಮೆಣಸು ಬಿದ್ದ ಕರುಳು ಹೇಗಿರುತ್ತೆ ಅಂತ ನನಗೆ ಗೊತ್ತಮ್ಮ, ತಿಂಗಳಿಗೆ ಎರಡು ನೋಡ್ತೀನಿ. ಇದರಲ್ಲಿ ಸುಟ್ಟ ಗುರುತು ಒಂದೂ ಇಲ್ಲ. ಆ ಪರೀಕ್ಷೇಲಿ ಚೂರು ಚಿವುಟಿದಾರಲ್ಲ, ಅಲ್ಲಿ ಸೂಜಿಮೊನೆಯಷ್ಟು ಸೀಳಿದೆ, ಕರುಳಿನ ಹಿಂಭಾಗಕ್ಕೆ. ಒಳಗಿನ ವಿಷಕ್ರಿಮಿ ಅಲ್ಲಿಂದ ಜಾರಿ ಮಾಂಸಕ್ಕೆ ಇಳಿದಿದೆ. ಸಾವಿರಾರು ಜನರಲ್ಲಿ ಒಬ್ಬರಿಗೂ ಆಗಲ್ಲ. ಇವರಿಗೆ ಆಗಿದೆ."

"ಯಾರ ತಪ್ಪು ಹಾಗಾದ್ರೆ?"

"ಸೀಳಿದ್ದು ಯಾರ ತಪ್ಪೂ ಅಲ್ಲ ಅಂತಿಟ್ಕೊಳ್ಳಿ, ಎಂಥ ಕೈಯಲ್ಲೂ ಆಗಬಹುದು. ಆದ್ರೆ ನೆನ್ನೆ ಮಧ್ಯಾಹ್ನವೇ ಇಲ್ಲಿ ತಂದಿದ್ರೆ ಒಂದು ಕಾಲು ಹೋಗ್ತಿತ್ತೇನೋ, ಮನುಷ್ಯ ಉಳೀತಿದ್ದ. ಇದು ಗಂಟೆಗಂಟೆಗೂ ಹರಡೋ ರೋಗ."

ತಾಚಿವಾ ಗೋಡೆ ಹಿಡಿದುಕೊಂಡಳು. ಮಾರುಕಟ್ಟೆಯನ್ನೇ ನಡುಗಿಸುವ ಹೆಂಗಸು ಹಾಗೇ ಜಾರಿ ನೆಲಕ್ಕೆ ಕೂತಳು. ದುಫಿಯೆ ಅವಳ ಕಡೆ ನೋಡಲಿಲ್ಲ. ತಾನು ನಿರಪರಾಧಿ ಎಂದು ಡಾಕ್ಟರ ಬಾಯಿಂದಲೇ ಬಂದಿತ್ತು. ಅವಳಿಗೆ ಅದರಿಂದ ಸಾಸಿವೆಯಷ್ಟೂ ಸಮಾಧಾನವಾಗಲಿಲ್ಲ, ಸಿಟ್ಟೇ ಬಂತು. ಆ ಮಾತು ಈಗ ಯಾವ ಪುರುಷಾರ್ಥಕ್ಕೆ?

ಇಬ್ಬರೂ ಒಳಗೆ ಹೋದರು. ಬ್ರೆಫೊನ ಸೊಂಟದಿಂದ ಕೆಳಗೆಲ್ಲ ಬಿಳಿಯ ಬಟ್ಟೆ ಸುತ್ತಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದರೂ ನೋವು ಕಾಣುತ್ತಿರಲಿಲ್ಲ. ಔಷಧಿ ಅವನನ್ನು ಎಲ್ಲೋ ಮೆತ್ತನೆಯ ಜಾಗದಲ್ಲಿ ಇಟ್ಟಿತ್ತು. ಅಕ್ಕನನ್ನು ನೋಡಿದ, ಹೆಂಡತಿಯನ್ನು ನೋಡಿದ. ಇಬ್ಬರದೂ ಅತ್ತು ಊದಿದ ಕಣ್ಣು.

"ಅಕ್ಕ" ಎಂದ. "ಬೈದ್ಯಾ ಇವಳನ್ನ?"

ತಾಚಿವಾ ಹಾಸಿಗೆಯ ಹತ್ತಿರ ಬಂದಳು. "ಇಲ್ಲ ಕಣಪ್ಪ. ಯಾಕೆ ಬೈಲಿ?"

"ಅವಳು ಕೊಟ್ಟಳು. ನಾನು ಹೇಳಿದ್ನಲ್ಲ."

"ಹೇಳಿದೆ."

"ನಂಬಿದ್ಯಾ?"

ಹೇಳಬಾರದೇ, ಈಗಲಾದರೂ ಒಬ್ಬರು ನಿಜ ಹೇಳಬಾರದೇ ಎಂದು ದುಫಿಯೆಯ ಒಂದು ಮನಸ್ಸು ಕೂಗಿತು. ಹೇಳಬೇಡಿ ಅಕ್ಕ, ನಿಮ್ಮ ಕಾಲು ಹಿಡೀತೀನಿ, ಹೇಳಬೇಡಿ ಎಂದು ಇನ್ನೊಂದು ಮನಸ್ಸು ಬೇಡಿತು. ತಾಚಿವಾ ತಮ್ಮನ ಹಣೆಯ ಬೆವರನ್ನು ಸೆರಗಿನಲ್ಲಿ ಒರೆಸಿದಳು.

"ನಂಬಿದೆ ಕಣೋ" ಎಂದಳು. "ನೀನು ಹೇಳಿದ್ಮೇಲೆ ನಂಬದೆ ಇರ್ತೀನಾ?"

ಅವನ ಮುಖ ಅರಳಿತು. ಅಕ್ಕ ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತ ತಿರುಗುವುದನ್ನೇ ಕಾದು, ಅವನು ದುಫಿಯೆಯ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದ. ನೋಡಿದ್ಯಾ, ನಾನು ಹೇಳಿರಲಿಲ್ವಾ, ಗೆದ್ದುಬಿಟ್ವಿ ಅನ್ನುವ ಹಾಗೆ. ಅವಳು ಏನು ಮಾಡಬೇಕಿತ್ತು? ನಕ್ಕಳು. ಅವನಿಗೆ ಕಾಣುವಂತೆ, ಹಲ್ಲು ಕಾಣುವಂತೆ ನಕ್ಕಳು, ಅವನು ಕಣ್ಣು ಮುಚ್ಚುವವರೆಗೂ ಆ ನಗು ಇಳಿಸಲಿಲ್ಲ.

ಹೊತ್ತು ಮುಳುಗುವ ಮುಂಚೆಯೇ ಬ್ರೆಫೊ ಹೋಗಿಬಿಟ್ಟ. ನರ್ಸುಗಳು ಹಾಸಿಗೆಯ ಸುತ್ತ ಪರದೆ ಎಳೆದರು. ಕುಲದ ಹಿರಿಯರು ಬರುವುದಕ್ಕೆ ಇನ್ನೂ ಸಮಯವಿತ್ತು. ಹೊರಗೆ ವರಾಂಡದಲ್ಲಿ ಇಬ್ಬರು ಹೆಂಗಸರೂ ಈಗ ಒಂದೇ ಬೆಂಚಿನಲ್ಲಿ ಕೂತಿದ್ದರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ತಾಚಿವಾ ಎದೆ ಬಡಿದುಕೊಂಡು ಅತ್ತು ಅತ್ತು ದನಿ ಹೋದ ಮೇಲೆ, ಕೊನೆಗೆ ಕೇಳಿದಳು.

"ನನಗೊಂದು ಮಾತು ನಿಜ ಹೇಳಬಾರದಿತ್ತೇನೇ, ದುಫಿಯೆ? ಒಂದೇ ಒಂದು ಮಾತು?"

"ಹೇಳಿದೆ ಅಕ್ಕ" ಎಂದಳು ದುಫಿಯೆ. "ನೆನ್ನೆ ಇಡೀ ದಿನ ಅದನ್ನೇ ಹೇಳ್ತಿದ್ದೆ."